ಮಕ್ಕಳ ಪುಸ್ತಕಕ್ಕೆ ರಿವ್ಯೂ ಸಿಗ್ತಿಲ್ಲ, ಏನ್ ಮಾಡೋದು?

ಪ್ರಶ್ನೆ: ನಾಲ್ಕರಿಂದ ಏಳು ವರ್ಷದ ಮಕ್ಕಳಿಗೆ ಅಂತ ಒಂದು ಚಿತ್ರಪುಸ್ತಕ ಬರೆದಿದ್ದೀನಿ. ಚಿತ್ರ ಬೇರೆಯವರದ್ದು, ಪ್ರಕಟಣೆ ನನ್ನದೇ. ಪುಸ್ತಕ ಬಂದು ಮೂರು ತಿಂಗಳಾಯ್ತು. ಫ್ರೆಂಡ್ಸ್ ಎಲ್ಲ 'ಸೂಪರ್' ಅಂತಾರೆ, ಅಷ್ಟೇ. ರಿವ್ಯೂ ಬರೆಯೋರಿಗೆ ಮೇಲ್ ಹಾಕಿದ್ರೆ ಉತ್ತರಾನೇ ಬರ್ತಿಲ್ಲ. ಈಗ ಯಾರೋ ಒಬ್ಬರು, ದುಡ್ಡು ಕೊಟ್ರೆ ಐವತ್ತು ಫೈವ್ ಸ್ಟಾರ್ ರಿವ್ಯೂ ಹಾಕಿಸಿಕೊಡ್ತೀವಿ ಅಂತ ಮೆಸೇಜ್ ಮಾಡಿದ್ದಾರೆ. ಒಪ್ಕೊಳ್ಳಲಾ? ಇಲ್ಲಾಂದ್ರೆ ನೀವೇ ಒಂದು ರಿವ್ಯೂ ಬರೀತೀರಾ?

ಉತ್ತರ: ಮೊದಲು ಆ ಮೆಸೇಜ್ ವಿಷಯ ಮುಗಿಸಿಬಿಡೋಣ. ಬೇಡ. ಆಸೆ ಆಗೋದು ಸಹಜ, ಆದ್ರೂ ಬೇಡ. ದುಡ್ಡು ಕೊಟ್ಟು ಬರೆಸಿದ ಗ್ರಾಹಕರ ರಿವ್ಯೂನ ಅಮೆಜಾನ್ ಒಪ್ಪಲ್ಲ, ಗೊತ್ತಾದ್ರೆ ತೆಗೆದುಹಾಕುತ್ತೆ, ನಿಮ್ಮ ಅಕೌಂಟ್‌ಗೂ ಕುತ್ತು ಬರಬಹುದು. ಅಮೆರಿಕಾದಲ್ಲಂತೂ 2024ರ ಅಕ್ಟೋಬರ್‌ನಿಂದ ಸುಳ್ಳು ರಿವ್ಯೂ ಮಾರೋದು, ಕೊಳ್ಳೋದು, 'ಚೆನ್ನಾಗಿದೆ ಅಂತಾನೇ ಬರೀಬೇಕು' ಅನ್ನೋ ಷರತ್ತಿನ ಮೇಲೆ ದುಡ್ಡು ಕೊಡೋದು ಎಲ್ಲಾನೂ ಅಲ್ಲಿ ಗ್ರಾಹಕರ ಹಿತ ಕಾಯೋ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ನಿಯಮದ ಪ್ರಕಾರವೇ ನಿಷಿದ್ಧ, ದಂಡಾನೂ ಇದೆ. ಕಾನೂನು ಪಕ್ಕಕ್ಕಿಡಿ, ಹೊಸ ಲೇಖಕರ ಪುಸ್ತಕಕ್ಕೆ ಒಂದೇ ವಾರದಲ್ಲಿ ಐವತ್ತು ಜನ ಬಂದು 'ನನ್ನ ಮಗುಗೆ ತುಂಬಾ ಇಷ್ಟ ಆಯ್ತು, ಎಲ್ಲರೂ ಓದಲೇಬೇಕು' ಅಂತ ಬರೆದಿದ್ರೆ, ಅದರಲ್ಲಿ ಒಬ್ಬರೂ ಕಥೆಯಲ್ಲಿ ಇರೋದು ಇಲಿನಾ ಆನೆನಾ ಅಂತ ಹೇಳಿಲ್ಲದಿದ್ರೆ, ಪುಸ್ತಕ ಕೊಳ್ಳೋ ಲೈಬ್ರರಿಯನ್‌ಗೆ ಒಂದು ನಿಮಿಷ ಸಾಕು ವಾಸನೆ ಹಿಡಿಯೋಕೆ.

ಇಲ್ಲಿ ಒಂದು ವ್ಯತ್ಯಾಸ ಹೇಳಿಬಿಡ್ತೀನಿ, ಯಾಕಂದ್ರೆ ಎಲ್ಲರೂ ಇದನ್ನ ಗೊಂದಲ ಮಾಡ್ಕೋತಾರೆ. ಫೀಸ್ ತಗೊಂಡು ರಿವ್ಯೂ ಮಾಡೋ ನೆಟ್ಟಗಿನ ಸಂಸ್ಥೆಗಳೂ ಇವೆ. ಅಮೆರಿಕಾದ ಪುಸ್ತಕ ರಿವ್ಯೂ ಪತ್ರಿಕೆ ಕರ್ಕಸ್‌ನವರ ಇಂಡೀ ವಿಭಾಗ ಹಾಗೇ ನಡೆಯೋದು, ಸ್ವಂತ ಪ್ರಕಟಣೆಯವರು ದುಡ್ಡು ಕಟ್ಟಿ ಪುಸ್ತಕ ಕೊಡ್ತಾರೆ, ರಿವ್ಯೂ ಒಳ್ಳೇದೇ ಬರುತ್ತೆ ಅನ್ನೋ ಗ್ಯಾರಂಟಿ ಇಲ್ಲ, ಬಂದದ್ದು ಹಿಡಿಸದಿದ್ರೆ ಪ್ರಕಟಿಸೋದು ಬೇಡ ಅನ್ನೋ ಹಕ್ಕು ನಿಮಗಿರುತ್ತೆ. ಇದು ಮೋಸ ಅಲ್ಲ. ಆದ್ರೂ ಮೊದಲ ಚಿತ್ರಪುಸ್ತಕಕ್ಕೆ ಆ ದುಡ್ಡು ಹಾಕಿ ಅಂತ ನಾನು ಹೇಳಲ್ಲ, ಅದೇ ದುಡ್ಡಲ್ಲಿ ಎಷ್ಟು ಪ್ರತಿ ಹಂಚಬಹುದು ಲೆಕ್ಕ ಹಾಕಿ ನೋಡಿ. ದುಡ್ಡಿನ ಮಾತು ಬಂದಾಗ ಕೇಳಬೇಕಾದ ಪ್ರಶ್ನೆ ಒಂದೇ: 'ಪುಸ್ತಕ ಚೆನ್ನಾಗಿಲ್ಲದಿದ್ರೆ ಹಾಗಂತ ಬರೀತೀರಾ?' ಹೌದು ಅಂದ್ರೆ ಮುಂದೆ ಮಾತಾಡಬಹುದು. ಸ್ಟಾರ್ ಎಷ್ಟು ಅಂತ ಮೊದಲೇ ಹೇಳಿದ್ರೆ ಬ್ಲಾಕ್ ಮಾಡಿ.

ಈಗ ನಿಮ್ಮ ಅಸಲಿ ಸಮಸ್ಯೆಗೆ ಬರೋಣ. ನಿಮ್ಮ ಪುಸ್ತಕ ಓದೋರು ಮಕ್ಕಳು, ನಿಮ್ಮ ಪುಸ್ತಕದ ರಿವ್ಯೂ ಓದೋರು ಮಕ್ಕಳಲ್ಲ. ಐದು ವರ್ಷದ ಮಗು ರಿವ್ಯೂ ನೋಡಿ ಪುಸ್ತಕ ಆರಿಸಲ್ಲ. ಆರಿಸೋರು ಅಪ್ಪ ಅಮ್ಮ, ಅಜ್ಜಿ ತಾತ, ಟೀಚರ್, ಲೈಬ್ರರಿಯನ್, ಮಗುವಿನ ಹುಟ್ಟುಹಬ್ಬಕ್ಕೆ ಏನು ಕೊಡೋದು ಅಂತ ತಲೆ ಕೆರ್ಕೊಳ್ತಿರೋ ಚಿಕ್ಕಪ್ಪ. ಇವರಿಗೆ ತಿಳ್ಕೋಬೇಕಾಗಿರೋದು ನಿಮ್ಮ ಕಥೆ 'ಸುಂದರ' ಅಂತ ಅಲ್ಲ. ಮಲಗಿಸೋ ಹೊತ್ತಲ್ಲಿ ಎಷ್ಟು ನಿಮಿಷದಲ್ಲಿ ಓದಿ ಮುಗಿಸಬಹುದು, ಒಂದು ಪುಟದಲ್ಲಿ ಎಷ್ಟು ಸಾಲಿದೆ, ಕತ್ತಲೆ ಹೆದರಿಕೆ ಸಾವು ಏನಾದ್ರೂ ಬರುತ್ತಾ, ಮಗು ತಾನೇ ಓದ್ಕೊಳ್ಳುತ್ತಾ ಅಥವಾ ದೊಡ್ಡವರು ಪಕ್ಕದಲ್ಲಿ ಕೂರಬೇಕಾ, ಒಂದು ಸಲ ಓದಿ ಮೂಲೆಗೆ ಹೋಗೋ ಪುಸ್ತಕಾನಾ ಇಲ್ಲ 'ಇನ್ನೊಂದ್ಸಲ' ಅಂತ ಪೀಡಿಸೋ ಪುಸ್ತಕಾನಾ. ಒಳ್ಳೆ ರಿವ್ಯೂವರ್ ಉತ್ತರ ಕೊಡೋದು ಇವಕ್ಕೆ. ನೀವು ರಿವ್ಯೂ ಕೇಳೋವಾಗ್ಲೂ ಈ ಉತ್ತರಗಳನ್ನ ಕೊಡೋಕೆ ಆಗೋ ಮನುಷ್ಯರನ್ನೇ ಹುಡುಕಬೇಕು, ಅಂದ್ರೆ ಮಕ್ಕಳ ಎದುರು ಕೂತು ಜೋರಾಗಿ ಓದಿ ಹೇಳೋ ಅಭ್ಯಾಸ ಇರೋರನ್ನ. ಫಾಲೋವರ್ಸ್ ಎಷ್ಟಿದ್ದಾರೆ ಅನ್ನೋದು ಆಮೇಲಿನ ಮಾತು.

ಮಕ್ಕಳ ಪುಸ್ತಕದ ವಿಮರ್ಶೆ ಬೆಳೆದಿದ್ದೇ ಹೀಗೆ. ಅಮೆರಿಕಾದ ಹಾರ್ನ್ ಬುಕ್ ಪತ್ರಿಕೆ 1924ರಲ್ಲಿ ಹುಟ್ಟಿದ್ದು ಬಾಸ್ಟನ್‌ನ ಒಂದು ಮಕ್ಕಳ ಪುಸ್ತಕದಂಗಡಿಯಿಂದ, ಅಂಗಡಿ ನಡೆಸ್ತಿದ್ದ ಬರ್ತಾ ಮಹೋನಿ ಅವರೇ ಅದನ್ನ ಶುರು ಮಾಡಿದ್ದು. ಬುಕ್‌ಲಿಸ್ಟ್ ಅನ್ನೋದು 1905ರಿಂದ ಅಲ್ಲಿನ ಲೈಬ್ರರಿ ಸಂಘ ತರ್ತಿರೋ ಪತ್ರಿಕೆ. 1933ರಲ್ಲಿ ತಮ್ಮದೇ ರಿವ್ಯೂ ಸೇವೆ ಶುರು ಮಾಡಿದ ವರ್ಜೀನಿಯಾ ಕರ್ಕಸ್ ಅದಕ್ಕೂ ಮೊದಲು ಒಂದು ದೊಡ್ಡ ಪ್ರಕಾಶನದಲ್ಲಿ ಮಕ್ಕಳ ಪುಸ್ತಕ ವಿಭಾಗ ನೋಡ್ಕೋತಿದ್ರು. ಅಂಗಡಿಯವರು, ಲೈಬ್ರರಿಯವರು, ಸಂಪಾದಕರು, ಎಲ್ಲ ಪುಸ್ತಕ ಮಗುವಿನ ಕೈಗೆ ಹೋಗೋ ದಾರಿಯಲ್ಲಿ ನಿಂತಿದ್ದೋರೇ.

ಸಮಯದ ವಿಷಯ ಸ್ವಲ್ಪ ಬೇಜಾರಾಗೋ ಹಾಗೇ ಇದೆ, ಹೇಳ್ತೀನಿ. ಈಗ ಹೆಸರು ಹೇಳಿದ ಪತ್ರಿಕೆಗಳು, ಜೊತೆಗೆ ಸ್ಕೂಲ್ ಲೈಬ್ರರಿ ಜರ್ನಲ್, ಪಬ್ಲಿಷರ್ಸ್ ವೀಕ್ಲಿ ತರದವು, ಪುಸ್ತಕ ಪ್ರಕಟ ಆಗೋಕೆ ಮೂರು ನಾಲ್ಕು ತಿಂಗಳು ಮುಂಚೆಯೇ ಪ್ರತಿ ಕೇಳ್ತವೆ, ಯಾಕಂದ್ರೆ ಲೈಬ್ರರಿ ಮತ್ತು ಅಂಗಡಿಯವರು ಆರ್ಡರ್ ಮಾಡೋದು ಆ ರಿವ್ಯೂ ನೋಡಿಕೊಂಡೇ. ಚಿತ್ರಪುಸ್ತಕ ಆದ್ರೆ ಬೈಂಡಿಂಗ್ ಆಗದೆ, ಬರೀ ಮಡಚಿ ಜೋಡಿಸಿದ ಪ್ರಿಂಟ್ ಹಾಳೆಗಳನ್ನೇ ರಿವ್ಯೂಗೆ ಕಳಿಸೋ ಪದ್ಧತಿ ದೊಡ್ಡ ಪ್ರಕಾಶಕರಲ್ಲಿದೆ. ನೆಟ್‌ಗ್ಯಾಲಿ ಅಂತ ಒಂದು ವೆಬ್‌ಸೈಟ್ ಇದೆ, ಅಲ್ಲಿ ಡಿಜಿಟಲ್ ಪ್ರತಿ ಹಾಕಿದ್ರೆ ಲೈಬ್ರರಿಯನ್‌ಗಳು, ಟೀಚರ್‌ಗಳು, ಪುಸ್ತಕದಂಗಡಿಯವರು ಕೇಳಿ ಪಡ್ಕೋತಾರೆ, ಆದ್ರೆ ಅದಕ್ಕೆ ಚಾರ್ಜ್ ಇದೆ, ಮತ್ತೆ ಅದೂ ಮುಖ್ಯವಾಗಿ ಪ್ರಕಟಣೆಗೆ ಮುಂಚಿನ ಕೆಲಸಕ್ಕೇ. ಮೂರು ತಿಂಗಳಾದ ಪುಸ್ತಕಕ್ಕೆ ಈ ಬಾಗಿಲುಗಳು ಬಹುಪಾಲು ಮುಚ್ಚಿದವು ಅಂತಾನೇ ಇಟ್ಕೊಳ್ಳಿ. ಅದಕ್ಕೆ ಕೊರಗೋದು ಬೇಡ, ಇವು ಹೆಚ್ಚಾಗಿ ಇಂಗ್ಲಿಷ್ ಪುಸ್ತಕಕ್ಕೆ ಇರೋ ವ್ಯವಸ್ಥೆ, ಹಾರ್ನ್ ಬುಕ್‌ನವರಂತೂ ಸ್ವಂತ ಪ್ರಕಟಣೆಯ ಪುಸ್ತಕ ಸಾಮಾನ್ಯವಾಗಿ ತಗೊಳ್ಳೋದೇ ಇಲ್ಲ. ಆದ್ರೆ ಮುಂದಿನ ಪುಸ್ತಕ ಯಾವ ಭಾಷೆಯದ್ದೇ ಆಗಲಿ, ಪ್ರಿಂಟ್‌ಗೆ ಹೋಗೋಕೆ ಮುಂಚೆನೇ ರಿವ್ಯೂಗೆ ಅಂತ ನಾಲ್ಕು ತಿಂಗಳು ಎತ್ತಿಟ್ಕೊಳ್ಳಿ.

ಈಗ ತೆರೆದಿರೋ ಬಾಗಿಲು ಯಾವುದು? ಅಚ್ಚಾದ ಮೇಲೂ ಪುಸ್ತಕ ತಗೊಳ್ಳೋರು ಇದ್ದಾರೆ. ಅಮೆರಿಕಾದ ಮಿಡ್‌ವೆಸ್ಟ್ ಬುಕ್ ರಿವ್ಯೂ ಅನ್ನೋ ಸಂಸ್ಥೆ 1976ರಿಂದ ಸಣ್ಣ ಪ್ರಕಾಶಕರಿಗೆ, ಸ್ವಂತ ಪ್ರಕಟಣೆಯವರಿಗೆ ಆದ್ಯತೆ ಕೊಡ್ತಾ ಬಂದಿದೆ, ಅವರು ಕೇಳೋದೇ ಅಚ್ಚಾಗಿ ಮುಗಿದ ಪ್ರತಿನ. ಅದು ಬಿಟ್ರೆ ಮಕ್ಕಳ ಪುಸ್ತಕದ ಬಗ್ಗೆ ಮಾತ್ರ ಬರೆಯೋ ಅಪ್ಪ ಅಮ್ಮಂದಿರು, ತಮ್ಮ ಕ್ಲಾಸಲ್ಲಿ ಓದಿಸಿದ್ದನ್ನ ಹಂಚ್ಕೊಳ್ಳೋ ಟೀಚರ್‌ಗಳು, ವಾರಕ್ಕೊಂದು ಕಥೆ ಓದೋ ಕಾರ್ಯಕ್ರಮ ಇರೋ ಲೈಬ್ರರಿಗಳು, ಮಕ್ಕಳ ಪತ್ರಿಕೆಗಳು. ಪೇಪರ್‌ನವರಿಗೂ ಕಳಿಸಿ, ಆದ್ರೆ ನಾಲ್ಕು ಸಾಲಿನ ಪುಸ್ತಕ ಪರಿಚಯ ಬಂದ್ರೆ ಅದೇ ದೊಡ್ಡದು ಅಂದ್ಕೊಳ್ಳಿ, ಅಲ್ಲಿ ಜಾಗ ಕಮ್ಮಿ. ನಿಮ್ಮ ಕಥೆಗೆ ಒಂದು ವಿಷಯ ಇದ್ರೆ, ಉದಾಹರಣೆಗೆ ಹಕ್ಕಿ, ತೊದಲು ಮಾತು, ಹೊಸ ತಂಗಿ ಬಂದಾಗಿನ ಹೊಟ್ಟೆಕಿಚ್ಚು, ಆ ವಿಷಯದವರನ್ನೂ ಹುಡುಕಿ. ತೊದಲೋ ಮಕ್ಕಳ ಜೊತೆ ಕೆಲಸ ಮಾಡೋ ಸ್ಪೀಚ್ ಥೆರಪಿಸ್ಟ್ ಒಬ್ಬರು 'ಇದನ್ನ ನನ್ನ ಮಕ್ಕಳಿಗೆ ಓದಿದೆ' ಅಂತ ಬರೆದ್ರೆ ಅದನ್ನ ಆ ಅಪ್ಪ ಅಮ್ಮಂದಿರು ತಮ್ಮ ಗ್ರೂಪಲ್ಲಿ ಒಬ್ಬರಿಗೊಬ್ಬರು ಫಾರ್ವರ್ಡ್ ಮಾಡ್ತಾರೆ.

ಮೇಲ್‌ಗೆ ಉತ್ತರ ಬರ್ತಿಲ್ಲ ಅಂದ್ರಲ್ಲ, ನೀವು ಕಳಿಸಿದ್ದು ನಾನು ನೋಡಿಲ್ಲ, ಆದ್ರೆ ರಿವ್ಯೂ ಕೇಳಿ ನನಗೆ ಬರೋ ಮೇಲ್‌ಗಳು ಹೆಚ್ಚಾಗಿ ಒಂದೇ ತರ ಇರ್ತವೆ. 'ಗೌರವಾನ್ವಿತರೇ' ಅಂತ ಶುರು, ಹೆಸರಿಲ್ಲ, ಅದೇ ಮೇಲ್ ಇನ್ನೂ ಮೂವತ್ತು ಜನಕ್ಕೆ ಹೋಗಿರೋದು ಮೇಲೇ ಕಾಣಿಸ್ತಾ ಇರುತ್ತೆ, ಲೇಖಕರ ಬಾಲ್ಯ ಎರಡು ಪ್ಯಾರಾ, ಇವತ್ತಿನ ಮಕ್ಕಳು ಮೊಬೈಲ್‌ನಿಂದ ಹಾಳಾಗ್ತಿದ್ದಾರೆ ಅನ್ನೋದು ಒಂದು ಪ್ಯಾರಾ, ಪುಸ್ತಕ ಯಾವ ವಯಸ್ಸಿಗೆ ಅನ್ನೋದು ಎಲ್ಲೂ ಇಲ್ಲ, ಕೊನೆಗೆ ಒಂದು ಭಾರೀ ಅಟ್ಯಾಚ್‌ಮೆಂಟ್. ಇದನ್ನ ಓದೋರು ಸಂಜೆ ಮನೆಕೆಲಸ ಮುಗಿಸಿ, ಪುಕ್ಕಟೆಯಾಗಿ, ಪ್ರೀತಿಗೆ ರಿವ್ಯೂ ಬರೆಯೋ ಜನ ಅನ್ನೋದು ನೆನಪಿರಲಿ. ಅವರ ಕೆಲಸ ಕಮ್ಮಿ ಮಾಡಿಕೊಡಿ. ಹೀಗೆ ಬರೆದ್ರೆ ಸಾಕು:

'ನಮಸ್ಕಾರ ಮೇಡಮ್, ಮಲಗೋಕೆ ಹಟ ಮಾಡೋ ಮಕ್ಕಳ ಕಥೆಗಳ ಬಗ್ಗೆ ಹೋದ ತಿಂಗಳು ನೀವು ಬರೆದದ್ದು ಓದಿದೆ. ನನ್ನ ಹೊಸ ಚಿತ್ರಪುಸ್ತಕವೂ ಅದೇ ವಿಷಯದ್ದು, ನಾಲ್ಕರಿಂದ ಏಳು ವರ್ಷದವರಿಗೆ, 32 ಪುಟ, ಜೋರಾಗಿ ಓದೋಕೆ ಸುಮಾರು ಎಂಟು ನಿಮಿಷ. ರಾತ್ರಿ ಸದ್ದುಗಳಿಗೆ ಹೆದರೋ ಹುಡುಗಿ ಒಬ್ಬಳು ಒಂದೊಂದು ಸದ್ದಿಗೂ ಹೆಸರಿಡ್ತಾ ಹೋಗ್ತಾಳೆ. ಮೂರು ಪುಟದ ಚಿತ್ರ ಕೆಳಗಿದೆ. ಇಷ್ಟ ಆದ್ರೆ ಅಚ್ಚಾದ ಪ್ರತಿ ಕಳಿಸ್ತೀನಿ. ರಿವ್ಯೂ ಬರೀಲೇಬೇಕು ಅಂತೇನಿಲ್ಲ, ಬರೆದ್ರೆ ಅನ್ನಿಸಿದ್ದನ್ನ ಬರೀರಿ.'

ಇಷ್ಟೇ. ಕೆಳಗೆ ಲೇಖಕರ ಹೆಸರು, ಚಿತ್ರಕಾರರ ಹೆಸರು, ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ), ಎಲ್ಲಿ ಸಿಗುತ್ತೆ ಅನ್ನೋ ಲಿಂಕ್. ಮೊದಲ ಸಾಲಲ್ಲಿ ಅವರು ಬರೆದದ್ದನ್ನ ನಿಜವಾಗ್ಲೂ ಓದಿರೋದು ಗೊತ್ತಾಗಬೇಕು, ಓದದೇ 'ನಿಮ್ಮ ಬರಹಗಳ ಅಭಿಮಾನಿ' ಅಂದ್ರೆ ಗೊತ್ತಾಗಿಬಿಡುತ್ತೆ. ಕೊನೆ ಸಾಲು ಕೂಡ ಸುಮ್ನೆ ಹಾಕಿದ್ದಲ್ಲ: ಫ್ರೀ ಪ್ರತಿ ಕೊಡಬಹುದು, ಅದಕ್ಕೆ ಬದಲಾಗಿ ರಿವ್ಯೂ ಬೇಕೇ ಬೇಕು ಅನ್ನೋ ಹಾಗಿಲ್ಲ ಅನ್ನೋದು ಅಮೆಜಾನ್‌ನ ನಿಯಮ. ಬರೆಯೋರು 'ಪುಸ್ತಕ ಲೇಖಕರು ಕೊಟ್ಟದ್ದು' ಅಂತ ಒಂದು ಮಾತು ಹಾಕಿದ್ರೆ ಅವರಿಗೂ ಒಳ್ಳೇದು ನಿಮಗೂ ಒಳ್ಳೇದು.

ಚಿತ್ರಪುಸ್ತಕಕ್ಕೆ ಮಾತ್ರ ಅನ್ವಯಿಸೋ ಒಂದು ಕಿರಿಕಿರಿ ಇದೆ, ಪಿಡಿಎಫ್ ಕಿರಿಕಿರಿ. ಚಿತ್ರಪುಸ್ತಕದ ಲೆಕ್ಕಾಚಾರ ನಡೆಯೋದು ಎದುರುಬದುರು ಇರೋ ಎರಡು ಪುಟ ಸೇರಿ, ಅದನ್ನ ನೀವು ಬಿಡಿ ಬಿಡಿ ಪುಟದ ಪಿಡಿಎಫ್ ಮಾಡಿ ಕಳಿಸ್ತೀರಿ. ನನ್ನ ಸ್ಕ್ರೀನಲ್ಲಿ ಏನಾಗುತ್ತೆ ಅಂದ್ರೆ, ಎಡಪುಟದಲ್ಲಿ ಆನೆಯ ಹಿಂಭಾಗ, ಅದು ಯಾಕೆ ಓಡ್ತಿದೆ ಅಂತ ತಿಳಿಯೋಕೆ ಕೆಳಗೆ ಸ್ಕ್ರೋಲ್ ಮಾಡಿದ್ರೆ ಆಮೇಲೆ ಸೊಂಡಿಲು, ಸೊಂಡಿಲಿನ ಮುಂದೆ ಇಲಿ. ಎರಡನ್ನೂ ಒಟ್ಟಿಗೆ ನೋಡಿದ್ರೆ ನಗು ಬರಬೇಕಿತ್ತು, ಈಗ ಅರ್ಥಾನೇ ಆಗಿಲ್ಲ. ಇನ್ನೂ ಕೆಲವರು ಪ್ರೆಸ್‌ಗೆ ಕೊಟ್ಟ ಫೈಲನ್ನೇ ಕಳಿಸ್ತಾರೆ, ಸುತ್ತ ಕತ್ತರಿಸೋ ಗೆರೆ, ಬಣ್ಣದ ಪಟ್ಟಿ ಎಲ್ಲ ಹಾಗೇ ಇರುತ್ತೆ, ಡೌನ್‌ಲೋಡ್ ಆಗೋಷ್ಟರಲ್ಲಿ ಆಸಕ್ತಿನೇ ಹೋಗಿರುತ್ತೆ. ಎರಡು ಪುಟ ಜೋಡಿಸಿದ, ಸಣ್ಣ ಸೈಜಿನ, ಫೋನಲ್ಲೂ ತೆರೆಯೋ ಫೈಲ್ ಬೇರೆ ಮಾಡಿಸಿ. ಅದಕ್ಕಿಂತ ಒಳ್ಳೇದು ಅಚ್ಚಾದ ಪ್ರತಿನೇ ಕಳಿಸೋದು, ಕಾದಂಬರಿಗೆ ಪಿಡಿಎಫ್ ನಡೆಯುತ್ತೆ, ನಿಮ್ಮದಕ್ಕೆ ಪುಟ ತಿರುಗಿಸೋ ಕೈ ಬೇಕು. ಮೂವತ್ತು ಜನಕ್ಕೆ ಪಿಡಿಎಫ್ ಎಸೆಯೋದಕ್ಕಿಂತ ಚೆನ್ನಾಗಿ ಆರಿಸಿದ ಹತ್ತು ಜನಕ್ಕೆ ಪುಸ್ತಕ ಹೋಗಲಿ, ಮೊದಲೇ ಕೇಳಿ, ಅವರು ಹೂಂ ಅಂದ ಮೇಲೆ.

ಇನ್ನೊಂದು ಕೆಲಸ, ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಹೆಚ್ಚು ಫಲ ಕೊಡೋದು, ಆದ್ರೆ ಲೇಖಕರು ಮಾಡೋದೇ ಕಮ್ಮಿ. ನಿಮ್ಮ ಪರಿಚಯ ಇಲ್ಲದ ಮಕ್ಕಳ ಒಂದು ಗುಂಪಿಗೆ, ಟೀಚರ್ ಅಥವಾ ಲೈಬ್ರರಿಯವರು ನಿಮ್ಮ ಪುಸ್ತಕ ಓದಲಿ, ನೀವು ಅಲ್ಲಿರಬೇಡಿ. ನೀವಿದ್ರೆ ಮಕ್ಕಳಲ್ಲ, ಟೀಚರೇ ನಾಟಕ ಮಾಡ್ತಾರೆ. ಓದಿದವರಿಗೆ 'ಹೇಗಿತ್ತು' ಅಂತ ಕೇಳಬೇಡಿ, 'ಚೆನ್ನಾಗಿತ್ತು' ಅಂತಾರೆ, ಮುಗೀತು. ಯಾವ ಪುಟದಲ್ಲಿ ಮಕ್ಕಳು ಗಲಾಟೆ ಶುರು ಮಾಡಿದ್ರು, ಯಾವ ಪುಟದಲ್ಲಿ ಮುಂದೆ ಬಗ್ಗಿದ್ರು, ಯಾವ ಪದಕ್ಕೆ ನಿಲ್ಲಿಸಿ ಅರ್ಥ ಹೇಳಬೇಕಾಯ್ತು ಅಂತ ಕೇಳಿ. ಒಂದು ಸಲ ಹೀಗೆ ಓದೋವಾಗ ನಾನು ಹಿಂದೆ ಕೂತಿದ್ದೆ, ಕಥೆ ಓಡ್ತಾ ಇದೆ, ಮುಂದಿನ ಸಾಲಲ್ಲಿದ್ದ ಹುಡುಗ ಎದ್ದು ಬಂದು ಟೀಚರ್ ಕೈಯಿಂದ ಪುಟ ಹಿಂದಕ್ಕೆ ತಿರುಗಿಸಿದ. ಮೂಲೆಯಲ್ಲೊಂದು ಬಸವನಹುಳ ಇತ್ತು, ಕಥೆಯ ಮಾತಲ್ಲಿ ಅದರ ಸುದ್ದಿನೇ ಇಲ್ಲ, ಪ್ರತಿ ಪುಟದಲ್ಲೂ ಒಂಚೂರು ಮುಂದೆ ಹೋಗಿದೆ ಅಂತ ಅವನು ಕಂಡುಹಿಡಿದಿದ್ದ. ಆಮೇಲೆ ಇಡೀ ಕ್ಲಾಸು ಕಥೆ ಬಿಟ್ಟು ಹುಳದ ಹಿಂದೆ ಬಿತ್ತು, ಟೀಚರ್‌ಗೆ ಸ್ವಲ್ಪ ಸಿಟ್ಟೂ ಬಂತು. ಆದ್ರೆ ಅವರು ಬರೆದ ರಿವ್ಯೂನಲ್ಲಿ ಇದೇ ಇತ್ತು, ನಾಲ್ಕೇ ಸಾಲು, 'ಎರಡು ಸಲ ಓದೋಕೆ ಸಮಯ ಇಟ್ಕೊಳ್ಳಿ, ಮೊದಲ ಸಲ ಯಾರೂ ಕಥೆ ಕೇಳಲ್ಲ' ಅಂತ. ಆ ಪುಸ್ತಕ ನನಗೆ ಬೇಕು ಅನ್ನಿಸೋಕೆ ಬೇರೆ ಯಾವ ಹೊಗಳಿಕೆಯೂ ಬೇಕಾಗ್ಲಿಲ್ಲ. ಇಂಥ ಸಾಲು ಸಿಕ್ಕಿದ್ರೆ ಬರೆದವರ ಒಪ್ಪಿಗೆ ತಗೊಂಡು ಮುಂದಿನ ಮುದ್ರಣದ ಹಿಂಬದಿಯ ರಕ್ಷಾಪುಟಕ್ಕೆ ಹಾಕ್ಕೊಳ್ಳಿ, ಮುಂದಿನ ಮೇಲ್‌ಗಳಲ್ಲೂ ಸೇರಿಸಿ.

ಮಕ್ಕಳೇ ಹೇಳಿದ ಮಾತನ್ನೂ ಬಳಸಬಹುದು, ಚೆನ್ನಾಗೂ ಇರುತ್ತೆ, 'ಇಲಿ ಪಾಪ ಅಲ್ಲ, ಇಲಿ ಕಿಲಾಡಿ' ಅನ್ನೋ ತರದ್ದು. ಆದ್ರೆ ಹುಷಾರು. ಮಗುವಿನ ಪೂರ್ತಿ ಹೆಸರು, ಸ್ಕೂಲು, ಮುಖ ಕಾಣೋ ಫೋಟೋ ಬೇಡವೇ ಬೇಡ, 'ಆರು ವರ್ಷದ ಓದುಗ' ಅಂದ್ರೆ ಸಾಕು, ಅದಕ್ಕೂ ಅಪ್ಪ ಅಮ್ಮನ ಒಪ್ಪಿಗೆ ಬರವಣಿಗೆಯಲ್ಲಿ ಇರಲಿ. ಹದಿಮೂರು ವರ್ಷದೊಳಗಿನ ಮಕ್ಕಳ ಮಾಹಿತಿ ಆನ್‌ಲೈನಲ್ಲಿ ಸಂಗ್ರಹಿಸೋದಕ್ಕೆ ಅಮೆರಿಕಾದಲ್ಲಿ 1998ರಲ್ಲೇ ಪ್ರತ್ಯೇಕ ಕಾನೂನು ಆಗಿದೆ, ಬೇರೆ ದೇಶಗಳಲ್ಲೂ ಅವರವರ ನಿಯಮ ಇದೆ. ಮಗುವಿನ ಹೆಸರಲ್ಲಿ ಅಕೌಂಟ್ ಮಾಡಿಸಿ ರಿವ್ಯೂ ಹಾಕಿಸೋ ಐಡಿಯಾ ಯಾರಾದ್ರೂ ಕೊಟ್ರೆ ಕೇಳಬೇಡಿ, ದೊಡ್ಡವರು ತಮ್ಮ ಅಕೌಂಟಲ್ಲಿ 'ನನ್ನ ಮಗಳು ಹೀಗಂದ್ಲು' ಅಂತ ಬರೀಬಹುದಲ್ಲ.

'ಸೂಪರ್' ಅಂದ ಫ್ರೆಂಡ್ಸ್ ಏನು ಮಾಡಬೇಕು? ಅಮೆಜಾನಲ್ಲಿ ರಿವ್ಯೂ ಹಾಕಿ ಅಂತ ಹೇಳಬೇಡಿ, ಆಪ್ತರು ಮತ್ತು ಮನೆಯವರ ರಿವ್ಯೂ ಅಲ್ಲಿ ನಿಷಿದ್ಧ, ತೆಗೆದುಹಾಕ್ತಾರೆ. ಅದರ ಬದಲು ಅವರು ತಮ್ಮ ಲೈಬ್ರರಿಗೆ ಹೋಗಿ ಈ ಪುಸ್ತಕ ತರಿಸಿ ಅಂತ ಕೇಳಲಿ, ತಮ್ಮ ಮಕ್ಕಳ ಟೀಚರ್‌ಗೆ ಒಂದು ಪ್ರತಿ ಕೊಡಲಿ. ಪರಿಚಯ ಇಲ್ಲದವರು ಪುಸ್ತಕ ಕೊಂಡಿದ್ರೆ ಅವರನ್ನ ಕೇಳೋದರಲ್ಲಿ ತಪ್ಪಿಲ್ಲ, ಪುಸ್ತಕದ ಕೊನೆ ಪುಟದಲ್ಲಿ 'ಮಗುವಿಗೆ ಯಾವ ಪುಟ ಇಷ್ಟ ಆಯ್ತು, ಒಂದು ಸಾಲು ಬರೀತೀರಾ' ಅಂತ ಹಾಕಬಹುದು. 'ರಿವ್ಯೂ ಬರೀರಿ' ಅಂದ್ರೆ ಜನ ಹೆದರ್ತಾರೆ, ಯಾವ ಪುಟ ಅಂದ್ರೆ ಬರೆದುಬಿಡ್ತಾರೆ.

ಪುಸ್ತಕ ಕಳಿಸಿ ಮೂರು ನಾಲ್ಕು ವಾರ ಸುಮ್ನಿರಿ. ಆಮೇಲೆ ಒಂದೇ ಒಂದು ಸಲ, ಎರಡು ಸಾಲಲ್ಲಿ, ಪುಸ್ತಕ ತಲುಪಿತಾ ಅಂತ ಕೇಳಿ, ರಿವ್ಯೂ ಯಾವಾಗ ಅಂತ ಕೇಳಬೇಡಿ. ಆಮೇಲೂ ಉತ್ತರ ಇಲ್ಲದಿದ್ರೆ ಬಿಟ್ಟುಬಿಡಿ, ಮುಂದಿನ ಪುಸ್ತಕಕ್ಕೆ ಅದೇ ಮನುಷ್ಯರು ಬೇಕಾಗ್ತಾರೆ.

ಕೆಟ್ಟ ರಿವ್ಯೂ ಬಂದ್ರೆ ಅಂತ ನೀವು ಕೇಳಿಲ್ಲ, ಆದ್ರೆ ಬರುತ್ತೆ. ಅದರ ಕೆಳಗೆ ಹೋಗಿ ವಾದ ಮಾಡಬೇಡಿ, ಧನ್ಯವಾದ ಕೂಡ ಹೇಳಬೇಡಿ, ನಿಮ್ಮ ಫ್ರೆಂಡ್ಸ್‌ನ ಕಳಿಸೋದಂತೂ ಬೇಡವೇ ಬೇಡ. ಎರಡು ಮೂರು ಜನ ಒಂದೇ ಮಾತು ಹೇಳಿದ್ರೆ, ಉದಾಹರಣೆಗೆ ನಾಲ್ಕು ವರ್ಷದವರಿಗೆ ಸಾಲು ಉದ್ದ ಆಯ್ತು ಅಂತ, ಮುಂದಿನ ಮುದ್ರಣದಲ್ಲಿ ಐದರಿಂದ ಏಳು ಅಂತ ಬದಲಾಯಿಸಿ. ಒಬ್ಬರು ಮಾತ್ರ ಹೇಳಿದ್ರೆ ಅದು ಅವರ ಅಭಿರುಚಿ ಅಂತ ಬಿಡಬಹುದು. ದೊಡ್ಡ ದೊಡ್ಡವರ ಅಭಿರುಚಿನೂ ಎಡವಿದೆ: 1947ರಲ್ಲಿ ಬಂದು ಆಮೇಲೆ ಅಮೆರಿಕಾದಲ್ಲಿ ಮನೆಮಾತಾದ ಚಿತ್ರಪುಸ್ತಕ ಗುಡ್‌ನೈಟ್ ಮೂನ್, ಆ ಕಾಲದಲ್ಲಿ ಮಕ್ಕಳ ಪುಸ್ತಕದ ವಿಷಯದಲ್ಲಿ ಕೊನೇ ಮಾತು ಅನ್ನಿಸ್ಕೊಂಡಿದ್ದ, ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯ ನಿವೃತ್ತ ಲೈಬ್ರರಿಯನ್ ಆನ್ ಕ್ಯಾರಲ್ ಮೂರ್‌ಗೆ ಹಿಡಿಸ್ಲಿಲ್ಲ, ಆ ಲೈಬ್ರರಿ ಅದನ್ನ 1972ರವರೆಗೂ ಇಟ್ಟಿರಲಿಲ್ಲ. ಹಾಗಂತ ನಿಮ್ಮ ಪುಸ್ತಕಕ್ಕೆ ಬಂದ ಪ್ರತಿ ಟೀಕೆಗೂ ಈ ಕಥೆ ಹೇಳ್ಕೊಂಡು ಓಡಾಡಬೇಡಿ, ಹೆಚ್ಚಿನ ಸಲ ಟೀಕೆ ಸರಿಯಾಗೇ ಇರುತ್ತೆ. ಮತ್ತೆ ರಿವ್ಯೂನಲ್ಲಿ ಚಿತ್ರದ ಬಗ್ಗೆ ಒಳ್ಳೆ ಮಾತು ಬಂದ್ರೆ ಚಿತ್ರಕಾರರಿಗೆ ಅವತ್ತೇ ಕಳಿಸಿ. ಪುಸ್ತಕದ ಅರ್ಧ ಅವರದ್ದು, ರಿವ್ಯೂ ಬರೆಯೋರು ಎಷ್ಟೋ ಸಲ ಅವರ ಹೆಸರೇ ಬಿಟ್ಟುಬಿಡ್ತಾರೆ. ಅದಕ್ಕೇ ಮೇಲ್‌ನಲ್ಲಿ ಎರಡು ಹೆಸರೂ ಇರಲಿ ಅಂದದ್ದು.

ನಾನೇ ರಿವ್ಯೂ ಬರೀತೀನಾ ಅಂದ್ರಿ. ಇಲ್ಲ. ಇಷ್ಟುದ್ದ ಸಲಹೆ ಕೊಟ್ಟ ಮೇಲೆ ನಿಮ್ಮ ಪುಸ್ತಕ ನನಗೆ ಪರಿಚಯದವರ ಪುಸ್ತಕ ಆಗೋಯ್ತು, ಹೊಗಳಿದ್ರೂ ಬೈದ್ರೂ ಯಾರೂ ನಂಬಲ್ಲ. ನನಗೆ ಕಳಿಸಬೇಕು ಅಂದ್ಕೊಂಡ ಪ್ರತಿನ ಒಂದನೇ ಕ್ಲಾಸಿನ ಟೀಚರ್ ಯಾರಿಗಾದ್ರೂ ಕೊಡಿ, ಹೇಗಿತ್ತು ಅಂತ ಮಾತ್ರ ಕೇಳಬೇಡಿ.